ಹತ್ತಿರಾಶಿಯ ಮುಂದೆ ಮೂರು ಚೆಂಡು

ಎಮ್ಮೆಗೆ ಇಡಲು ನೆನೆಹಾಕಿದ ಹತ್ತಿಕಾಳಿನ ವಾಸನೆ ನಿಮಗೆ ಗೊತ್ತಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಎಣ್ಣೆ, ಧೂಳು, ಹಸಿ ಗೋಣಿತಟ್ಟು ಎಲ್ಲ ಕಲೆತ ಒಂದು ಜಿಡ್ಡು ವಾಸನೆ. ಮೊನ್ನೆ ಮೊರಬಕ್ಕೆ ಮದುವೆಗೆ ಹೋದಾಗ ಯಾರದೋ ಹಿತ್ತಲಿನಿಂದ ಅದು ಬಂತು. ಊಟಕ್ಕೆ ಕೂತಿದ್ದ ನಾನು ಎದ್ದುಬಿಟ್ಟೆ. "ಏನ್ ಹುಡುಕಾಕತ್ತೀರಿ ಅಕ್ಕಾರ?" ಎಂದು ಬಡಿಸುವ ಹುಡುಗಿ ಕೇಳಿದಳು.

ಎಂಬತ್ತರ ದಶಕದಲ್ಲಿ, ಅಣ್ಣಿಗೇರಿ ಹತ್ತಿರದ ಹಳ್ಳಿಯಲ್ಲಿದ್ದ ನಮ್ಮ ಮನೆಯ ಪಡಸಾಲೆ ಬೇಸಿಗೆಯಲ್ಲಿ ನಮ್ಮದಾಗಿರುತ್ತಿರಲಿಲ್ಲ, ಹತ್ತಿಯದಾಗಿರುತ್ತಿತ್ತು. ಹೊಲದಿಂದ ಬಿಡಿಸಿ ತಂದ ಹತ್ತಿಯನ್ನು ಪೇಟೆಯ ದಲಾಲಿಯ ಅಡತಿ ಅಂಗಡಿಗೆ ಸಾಗಿಸುವವರೆಗೆ ಅಲ್ಲೇ ತೊಲೆಮಟ್ಟ ಒಟ್ಟುತ್ತಿದ್ದರು. ಲಗ್ನವಾಗಿ ಹೋದ ಮಗಳು ಹತ್ತಿ ಬಿಡಿಸಲು ತವರಿಗೆ ಬರುವುದು, ರಾಶಿ ಗಾಡಿ ಏರಿದ ದಿನ ಉಡಿ ತುಂಬಿಸಿಕೊಂಡು ತಿರುಗಿ ಹೋಗುವುದು ನಮ್ಮ ಮನೆಯ ಪದ್ಧತಿ. ಹಾಗೆ ಯರಗುಪ್ಪಿಯಿಂದ ಬರುತ್ತಿದ್ದವಳು ಅಪ್ಪನ ತಂಗಿ, ನೀಲವ್ವತ್ತೆ. ಅವಳಿಗೂ ನನಗೂ ಒಂದೇ ರೋಗ, ಕೈ ಸುಮ್ಮನಿರುತ್ತಿರಲಿಲ್ಲ. ಹುಡುಗಿಯಾಗಿದ್ದಾಗ ಸಂತೆಯಲ್ಲಿ ಆಟ ತೋರಿಸುವವಳೊಬ್ಬಳನ್ನು ನೋಡಿ ಬಂದು, ಮೂರು ಉಳ್ಳಾಗಡ್ಡಿಗಳನ್ನು ಒಂದೂ ಬೀಳದಂತೆ ತೂರಿ ಹಿಡಿಯುವುದನ್ನು ತಾನೇ ಕಲಿತಿದ್ದಳಂತೆ. ಗಂಡನ ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. "ಸೊಸಿ ಉಳ್ಳಾಗಡ್ಡಿ ತೂರಿದ್ರ ಮಂದಿ ಏನಂತಾರ?" ಎಂದು ನಗುತ್ತಿದ್ದಳು. ಆ ನಗು ನನಗೆ ಸೇರುತ್ತಿರಲಿಲ್ಲ.

ನನಗೂ ಕಲಿಸು ಎಂದು ಒಂದು ಬೇಸಿಗೆ ಗಂಟುಬಿದ್ದೆ. ಮೊದಲ ದಿನ ಹತ್ತಿರಾಶಿಗೆ ಮುಖ ಮಾಡಿ ಉಳ್ಳಾಗಡ್ಡಿಯನ್ನೇ ತೂರಿದೆ. ಬಿದ್ದ ಗಡ್ಡೆಗಳ ಸಿಪ್ಪೆಯೆಲ್ಲ ಹತ್ತಿಗೆ ಅಂಟಿಕೊಂಡಿತು. ಅಜ್ಜ ಕೆಂಡವಾದ. "ಹತ್ತ್ಯಾಗ ಕಸ ಕಂಡ್ರ ಅಡತಿಯವ ನನ್ನ ಮಾರಿ ಸೈತ ನೋಡಂಗಿಲ್ಲ. ಆರಸ್ರಿ, ಇಬ್ರೂ!" ಸಂಜೆಯವರೆಗೆ ಅತ್ತೆ ಸೊಸೆ ಕೂತು ಸಿಪ್ಪೆ ಆರಿಸಿದೆವು. ಮರುದಿನ ಅತ್ತೆ ತನ್ನ ಹಳೆಯ ಕುಪ್ಪಸ ಹರಿದು, ಹತ್ತಿಕಾಳು ತುಂಬಿ, ಮೂರು ಚೆಂಡು ಹೊಲಿದಳು. ಅವು ರಾಶಿಯ ಮೇಲೆ ಬಿದ್ದರೆ ಸದ್ದಿಲ್ಲ, ಉರುಳಿ ಹೋಗುವುದೂ ಇಲ್ಲ. ಎರಡು ಚೆಂಡು ತೂರುವುದು ಬೇಗ ಬಂತು. ಮೂರನೆಯದು ಸೇರಿದಾಗ ಮಾತ್ರ ಕೈಯಲ್ಲಿದ್ದುದನ್ನು ಗಟ್ಟಿಯಾಗಿ ಹಿಡಿದು ನಿಂತುಬಿಡುತ್ತಿದ್ದೆ. "ಹಿಡಿಯೂದು ಆಮ್ಯಾಲೆ, ಮೊದಲ ಬಿಡೂದು ಕಲಿ ಬೇ. ಮ್ಯಾಲಿಂದು ಕೆಳಗ ಬರೂದ್ರಾಗ ಕೈಯಾಗಿಂದು ಹೋಗಿರಬೇಕು" ಎಂದು ಅತ್ತೆ ರೊಟ್ಟಿ ಬಡಿಯುವ ಲಯದಲ್ಲಿ ತೊಡೆ ತಟ್ಟಿ ತೋರಿಸುತ್ತಿದ್ದಳು. ನನಗೆಲ್ಲಿಯ ತಾಳ್ಮೆ! ಚೆಂಡುಗಳನ್ನು ರಾಶಿಯೊಳಗೆ ಹೂತುಹೋಗುವಂತೆ ಎಸೆದು ಅಳುತ್ತಿದ್ದೆ. "ಹಾಡ್ತ ಹಾಡ್ತ ರಾಗ, ಯವ್ವಾ. ನೀ ಕಲಿಯೂತನಕಾ ನಾ ಊರಿಗಿ ಹೋಗಂಗಿಲ್ಲ, ಆತಿಲ್ಲ?" ಎಂದಳು ಒಮ್ಮೆ.

ಆ ಒಂದು ಮಾತು ನನ್ನ ನೆಮ್ಮದಿ ಕೆಡಿಸಿತು. ಕಲಿಯದಿದ್ದರೆ ಜೀವ ತಡೆಯದು, ಕಲಿತರೆ ಅತ್ತೆ ಹೋಗುತ್ತಾಳೆ. ಹೀಗಿರುವಾಗ ಒಂದು ಮಧ್ಯಾಹ್ನ, ಪಡಸಾಲೆಯಲ್ಲಿ ಒಬ್ಬಳೇ ಇದ್ದಾಗ, ಮೂರೂ ಚೆಂಡುಗಳು ಕೈಯಿಂದ ಕೈಗೆ ಓಡಾಡತೊಡಗಿದವು. ಬೀಳಲೇ ಇಲ್ಲ. ಕೂಗಿ ಮನೆಯವರನ್ನೆಲ್ಲ ಕರೆಯಬೇಕೆನಿಸಿತು, ಬಾಯಿ ಮುಚ್ಚಿಕೊಂಡೆ. ಅಂದಿನಿಂದ ಅತ್ತೆ ಎದುರಿದ್ದಾಗಲೆಲ್ಲ ಮೂರನೆಯದನ್ನು ಬೀಳಿಸಿದೆ. ಅವಳು ಬೈಯಲಿಲ್ಲ, "ನಾಳಿಗಿ ಬರತೈತಿ ಬಿಡು" ಎನ್ನುತ್ತಿದ್ದಳು. ಇತ್ತ ಹತ್ತಿಯನ್ನು ಚೀಲಕ್ಕೆ ತುಂಬಿ ತುಳಿಯತೊಡಗಿದರು. ರಾಶಿ ಇಳಿಯುವುದನ್ನು ನೋಡುತ್ತ ನಾನು ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ಗಾಡಿ ಹೂಡಿದ ದಿನ ಅವ್ವ ಅತ್ತೆಯ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು ಹಾಕಿ ಉಡಿ ತುಂಬಿದಳು. ನಾನು ಓಡಿಹೋಗಿ ಅತ್ತೆಯ ಸೀರೆ ಹಿಡಿದು, "ನಂಗ ಇನ್ನೂ ಬಂದಿಲ್ಲ ಅತ್ತೀ! ಮೂರನೇದು ಬೀಳತೈತಿ!" ಎಂದು ಚೀರಿದೆ. ಅವಳು ಉಡಿ ಚೆಲ್ಲದಂತೆ ಬಾಗಿದಳು.

"ನೀ ಬೇಕಂತನ ಬೀಳಸ್ತೀ. ಅವತ್ತ ಮಧ್ಯಾಹ್ನ ಬಾಗಲ ಮರಿಗೆ ನಿಂತು ನೋಡೀನಿ." ಆಮೇಲೆ ಯಾರಿಗೂ ಕೇಳದಂತೆ, "ನೋಡಿದ್ರೂ ಸುಮ್ಮನಿದ್ದೆ. ನಂಗೂ ಹೋಗೂದು ಬ್ಯಾಡಾಗಿತ್ತು" ಎಂದಳು.

ಹೋದಳು. ಮುಂದೆ ಎರಡು ಬೇಸಿಗೆ ಬಂದಳು, ಇಬ್ಬರೂ ಆ ಮಾತು ಎತ್ತಲಿಲ್ಲ. ಅದರ ಮುಂದಿನ ವರ್ಷ ಹೆರಿಗೆಯಲ್ಲಿ ತೀರಿಕೊಂಡಳು. ನನಗೆ ಇವತ್ತಿಗೂ ಸಿಟ್ಟಿದೆ, ಯಾರ ಮೇಲೆಂದು ಗೊತ್ತಿಲ್ಲ. ಅಜ್ಜ ಹೋದ ಮೇಲೆ ಪಾಲಾಗಿ ಪಡಸಾಲೆಯ ನಡುವೆ ಗೋಡೆ ಬಂತು. ಚೆಂಡುಗಳನ್ನು ಎಂದೋ ಇಲಿ ತಿಂದವು.

ಮೊರಬದ ಆ ಮನೆಯವರನ್ನು ಕೇಳಿ ಒಂದಿಷ್ಟು ಒಣ ಹತ್ತಿಕಾಳು ತಂದಿದ್ದೇನೆ. ಹಳೆಯ ಕುಪ್ಪಸದಲ್ಲಿ ಮೂರು ಚೆಂಡು ಹೊಲಿದೆ. ಕೈ ಮರೆತಿಲ್ಲ, ಮೂರೂ ಓಡಾಡುತ್ತವೆ. ಸ್ವಲ್ಪ ಹೊತ್ತು ಆಡಿಸಿ, ಬಾಗಿಲ ಕಡೆ ನೋಡಿ, ಮೂರನೆಯದನ್ನು ಬೇಕೆಂದೇ ಬೀಳಿಸುತ್ತೇನೆ. ಕೆಳಗೆ ಹತ್ತಿಯಿಲ್ಲ. ಬಿದ್ದ ಸದ್ದು ಮನೆಯೆಲ್ಲ ಕೇಳುತ್ತದೆ.