ಯಾವ ಪಕ್ಷಕ್ಕೂ ಸೇರದ ಬಣ್ಣ

ಲೋನಪ್ಪನಿಗೆ ಅರವತ್ತೇಳು ವರ್ಷ. ಅದರಲ್ಲಿ ನಲವತ್ತೈದನ್ನು ಅವನು ಊರಿನ ಗೋಡೆಗಳ ಮೇಲೆ ಅಕ್ಷರ ಬರೆದು ಕಳೆದಿದ್ದಾನೆ. ಚುನಾವಣೆ ಬಂತೆಂದರೆ ಬೆಳಗ್ಗೆ ಒಂದು ಪಕ್ಷದ ಗೋಡೆ, ಮಧ್ಯಾಹ್ನ ಅದರ ವೈರಿಯ ಗೋಡೆ, ಸಂಜೆ ಇಬ್ಬರನ್ನೂ ಬೈಯುವ ಮೂರನೆಯವರ ಗೋಡೆ. ಎಲ್ಲರಿಗೂ ಒಂದೇ ಶ್ರದ್ಧೆಯಿಂದ ಬರೆದ. ಹಾಗಾಗಿ ಇವನು ಒಳಗಿಂದೊಳಗೆ ಎದುರು ಪಕ್ಷದವನೇ ಎಂಬ ಗುಮಾನಿ ಎಲ್ಲ ಪಕ್ಷಗಳಿಗೂ ಸಮನಾಗಿ ಇತ್ತು.

ಅವನ ನಿಜವಾದ ಬಾಳು ಸಂಜೆ ಐದರ ಮೇಲೆ, ಊರೆಲ್ಲ ಇಕ್ಕಾ, ಎಂದರೆ ಅಣ್ಣಾ, ಎಂದು ಕರೆಯುವ ಬೀರಾನ್‌ನ ಚಹಾದಂಗಡಿಯ ಹಿಂದಿನ ಬೆಂಚಿನಲ್ಲಿ. ನಮ್ಮೂರಿನಲ್ಲಿ ಚದುರಂಗ ಬಾರದ ಜೀವಿ ಎಂದರೆ ಕೋಳಿ ಒಂದೇ. ಅದೂ ಪಕ್ಕದಲ್ಲಿ ನಿಂತು ಕತ್ತು ಓರೆ ಮಾಡಿತೆಂದರೆ ಆಟಗಾರರು ಎತ್ತಿದ ಕುದುರೆಯನ್ನು ವಾಪಸು ಇಟ್ಟು ಮತ್ತೊಮ್ಮೆ ಯೋಚಿಸುವುದುಂಟು.

ಲೋನಪ್ಪನ ಎದುರಾಳಿ ಶಂಕುಣ್ಣಿ, ನಿವೃತ್ತ ಬಸ್ ಕಂಡಕ್ಟರ್. ಮೂವತ್ತು ವರ್ಷ ಪ್ರತಿ ಮುಖದಲ್ಲೂ ಟಿಕೆಟ್ ತೆಗೆದುಕೊಳ್ಳದ ಕಳೆಯನ್ನೇ ಹುಡುಕಿದವನು. ತನ್ನ ಮದುವೆಯಲ್ಲಿ ತಾಳಿಯನ್ನು ಬೆಳಕಿಗೆ ಹಿಡಿದು ಹಿಂದುಮುಂದು ತಿರುಗಿಸಿ ನೋಡಿದ ಮೇಲೆಯೇ ಕಟ್ಟಿದನಂತೆ. ಈ ಇಬ್ಬರೂ ಹತ್ತೊಂಬತ್ತು ವರ್ಷ ಒಂದು ಸಂಜೆಯನ್ನೂ ತಪ್ಪಿಸದೆ ಆಡಿದವರು.

ಆ ಮಣೆಗೆ ಬಣ್ಣ ಬಳಿದವನು ಲೋನಪ್ಪನೇ. ಯಾರದೋ ಗೇಟಿಗೆ ಹಚ್ಚಿ ಉಳಿದ ಪೇಂಟು, ಅಚ್ಚ ಕಪ್ಪು, ಅಚ್ಚ ಬಿಳಿ. ಟ್ಯೂಬ್‌ಲೈಟ್ ಹಾಕಿದರೆ ಮಣೆಯಲ್ಲಿ ಮುಖ ನೋಡಿ ಮೀಸೆ ತಿದ್ದಿಕೊಳ್ಳಬಹುದಿತ್ತು. ಈಚೆಗೆ ಹತ್ತು ನಡೆ ಆಗುವಷ್ಟರಲ್ಲಿ ಲೋನಪ್ಪನ ಕಣ್ಣಿಂದ ನೀರು ಸುರಿಯತೊಡಗಿತು. ಬಿಳಿ ಮನೆಗಳು ಕುಣಿಯುತ್ತಿದ್ದವು. ಕಪ್ಪು ಕುದುರೆ ಕಪ್ಪು ಮನೆಯಲ್ಲಿ ಕೂತರೆ ಕಾಣೆಯೇ ಆಗುತ್ತಿತ್ತು. ಕಣ್ಣಿನ ಡಾಕ್ಟರಮ್ಮ ಖಡಾಖಂಡಿತ ಹೇಳಿದರು: "ಹೊಳಪಿಲ್ಲದ, ಮಂದ ಬಣ್ಣದ ಮಣೆ ಮಾಡ್ಕೊಳ್ಳಿ. ಇಲ್ದಿದ್ರೆ ಆಟ ಬಿಡಿ."

ಲೋನಪ್ಪ ಮೊದಲು ತಿಳಿಹಸಿರು, ಕೆನೆಬಣ್ಣ ಬಳಿದು ತಂದ. ಕಣ್ಣಿಗೆ ತಂಪಾಗಿತ್ತು. ಬೆಂಚಿಗೆ ತಂಪಾಗಲಿಲ್ಲ.

"ಹಸಿರು ಹಚ್ಚು ಅಂತ ಯಾರು ಹೇಳಿ ಕಳಿಸಿದ್ದು?" ಎಂದ ಶಂಕುಣ್ಣಿ.

"ನನ್ನ ಕಣ್ಣು ಹೇಳ್ತು ಮಾರಾಯ."

"ನಿನ್ನ ಕಣ್ಣು ಯಾವಾಗ ಆ ಪಕ್ಷ ಸೇರ್ತು?"

ಮರುದಿನ ಇಟ್ಟಿಗೆ ಬಣ್ಣ. ಅದು ಕೆಂಪಿನವರದ್ದಾಯಿತು. ಅದಕ್ಕೊಂದಿಷ್ಟು ಹಳದಿ ಬೆರೆಸಿದ, ಕೇಸರಿಯವರದ್ದಾಯಿತು. ಬರೀ ಹಳದಿ ಉಳಿಸೋಣವೆಂದರೆ ಅದು ಫುಟ್‌ಬಾಲ್ ವಿಶ್ವಕಪ್ಪಿನ ವರ್ಷ. ಊರಿನ ಅರ್ಧ ಜನ ಬ್ರೆಜಿಲ್. ಕೊನೆಗೆ ಮಾಸಲು ನೀಲಿ ಬಳಿದರೆ ಉಳಿದರ್ಧ, ಅರ್ಜೆಂಟೀನಾದವರು, ಅಂಗಡಿಗೆ ನುಗ್ಗಿ ಪಟಾಕಿ ಹೊಡೆದರು. ಬಣ್ಣದ ಮೇಲೆ ಬಣ್ಣ ಕೂತು ಮಣೆ ಎಷ್ಟು ದಪ್ಪವಾಯಿತೆಂದರೆ ಆಟಗಾರರು ನಿಂತೇ ಆಡಬೇಕಾಯಿತು, ರಾಜನ ಕಿರೀಟ ಹೆಂಚಿಗೆ ತಾಗುತ್ತಿತ್ತು.

ಕಡೆಗೆ ಶಂಕುಣ್ಣಿ ಮನಸ್ಸಿನಲ್ಲಿದ್ದುದನ್ನು ಆಡಿಯೇಬಿಟ್ಟ. "ಈ ತಿಂಗಳು ಹದಿನಾಲ್ಕು ಆಟ ಸೋತಿದ್ದೀಯ. ದಿನಕ್ಕೊಂದು ಬಣ್ಣ ಬಳಿದು ನನ್ನ ತಲೆ ಕೆಡಿಸೋ ಸಂಚು ಇದು. ನಿನ್ನ ಕಣ್ಣಿಂದ ಸುರಿಯೋದು ನೀರಲ್ಲ ಲೋನಾ, ಕುತಂತ್ರ."

ಲೋನಪ್ಪ ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡು ಎದ್ದುಹೋದ. "ಆಟ ಬಿಟ್ಟೆ" ಎಂದು ಬಾಗಿಲಲ್ಲಿ ಬೀರಾನ್‌ಗೆ ಮಾತ್ರ ಹೇಳಿದ.

ಮೊದಲ ದಿನ ಶಂಕುಣ್ಣಿ ಇದೂ ಒಂದು ಪಟ್ಟೆಂದು ನಕ್ಕ. ಎರಡನೇ ದಿನ ತಾನೊಬ್ಬನೇ ಎರಡೂ ಕಡೆ ಆಡಿದ. ಮೂರನೇ ದಿನ ಎಡಗೈ ನಡೆಸುವಾಗ ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ, ಮುಂದಿನ ನಡೆ ಅದಕ್ಕೆ ಗೊತ್ತಾಗಬಾರದೆಂದು. ಆದರೂ ಸೋತ. ಯಾರು ಸೋತರೆಂದು ಮಾತ್ರ ತಿಳಿಯಲಿಲ್ಲ.

"ಶಂಕುಣ್ಣೀ, ಅವನ ಕಣ್ಣು ನಿಜವಾಗ್ಲೂ ಕೆಟ್ಟಿದೆ ಕಣೋ," ಎಂದ ಬೀರಾನ್. "ಮೊನ್ನೆ ಉಪ್ಪಿನ ಡಬ್ಬಿಗೆ ಚಮಚ ಹಾಕಿ ಚಹಾಕ್ಕೆ ಕಲಸಿದ. ಒಂದು ಮಾತೂ ಆಡದೆ ಕುಡಿದ."

"ನಿನ್ನ ಚಹಾದಲ್ಲಿ ಅದು ಗೊತ್ತಾಗೋದಾದ್ರೂ ಹೇಗೆ ಇಕ್ಕಾ?" ಎಂದನಾದರೂ ಶಂಕುಣ್ಣಿ ಮಣೆಯನ್ನು ಕಂಕುಳಲ್ಲಿರಿಸಿಕೊಂಡು ಮನೆಗೆ ನಡೆದ.

ಎರಡು ದಿನ ಕೆರೆದ. ಉದುರಿದ ಪುಡಿಯಲ್ಲಿ ಒಂದು ಇಗರ್ಜಿಗೆ ಬಣ್ಣ ಹೊಡೆಯಬಹುದಿತ್ತು. ತಳದಲ್ಲಿ ಬೋಳು ಮಾವಿನ ಹಲಗೆ ಸಿಕ್ಕಿತು. ಬ್ಲೇಡಿನಿಂದ ಗೆರೆ ಕೊರೆದು, ಮೂವತ್ತೆರಡು ಮನೆಗಳಿಗೆ ಮಾತ್ರ ಹಾಲಿಲ್ಲದ ಚಹಾವನ್ನು ಬತ್ತಿಸಿ ಬತ್ತಿಸಿ ಬಟ್ಟೆಯಲ್ಲಿ ಉಜ್ಜಿದ. ಉಳಿದ ಮನೆಗಳನ್ನು ಮರದ ಬಣ್ಣದಲ್ಲೇ ಬಿಟ್ಟ. ಒಂದಿಷ್ಟೂ ಹೊಳಪಿಲ್ಲ.

ಮಣೆ ಅಂಗಡಿಗೆ ಬಂದಾಗ ಬೆಂಚು ಕಣ್ಣು ಕಿರಿದು ಮಾಡಿತು. ಚಹಾದ ಬಣ್ಣ ಯಾವ ಪಕ್ಷದ್ದು? ಯಾವ ತಂಡದ್ದು? ತಡಕಾಡಿ ಏನೂ ಸಿಗದೆ ಒಬ್ಬ, "ಇದು ಬೀರಾನಿಕ್ಕನ ಜಾಹೀರಾತು" ಎಂದ. "ಬೀರಾನಿಕ್ಕನ ಚಹಾ ಇಷ್ಟು ಗಟ್ಟಿಯಾಗಿ ಇದ್ದದ್ದು ಯಾವತ್ತು?" ಎಂದು ಇನ್ನೊಬ್ಬ ಕೇಳಿದ. ಆಪಾದನೆ ಬಿದ್ದುಹೋಯಿತು.

ಬೀರಾನ್ ಹೇಳಿ ಕಳಿಸಿದ್ದಕ್ಕೆ ಲೋನಪ್ಪ ಬಂದ. ಕೂರಲಿಲ್ಲ. ಮಣೆಯನ್ನು ಮೂಸಿದ, ತಿರುವಿ ಬೆನ್ನು ನೋಡಿದ. ಮನೆಗಳನ್ನು ಎಣಿಸಿದ. ಅರವತ್ತನಾಲ್ಕೇ ಇದ್ದವು.

"ಯಾಕೆ ಮಾಡಿದೆ?" ಎಂದು ಶಂಕುಣ್ಣಿಯನ್ನು ಕೇಳಿದ.

"ಕಾಯಿ ಜೋಡಿಸು."

"ಇದರಲ್ಲಿ ಏನೋ ಇದೆ."

"ಚಹಾ ಇದೆ. ಕೂತ್ಕೊಳೋ, ಬಸ್ಸು ಹೊರಡ್ತು."

ಮೂರು ಆಟ ಆಡಿದರು. ಕಪ್ಪು ಕುದುರೆ ಎಲ್ಲಿ ಕೂತರೂ ಕಂಡಿತು. ಟವೆಲು ಹೆಗಲಿನಿಂದ ಕೆಳಗಿಳಿಯಲಿಲ್ಲ. ಮೂರನ್ನೂ ಲೋನಪ್ಪ ಸೋತ.

"ಗೊತ್ತಿತ್ತು ನಂಗೆ," ಎಂದ, ಎದ್ದು ಚಪ್ಪಲಿ ಹುಡುಕುತ್ತ. "ಈ ಬಣ್ಣದಲ್ಲೇ ಮೋಸ ಇದೆ. ನಾಳೆ ಐದು ಗಂಟೆಗೇ ಬಾ, ಹಿಡೀತೀನಿ."