ದೊಡ್ಡ ಮುಳ್ಳು

ಅಂಗಿಯ ಮೇಲಿನ ಮಸಿಯ ಕಲೆ ತೆಗೆಯಲು ಮೊನ್ನೆ ಬಟ್ಟೆಯ ಚೂರನ್ನು ಪೆಟ್ರೋಲಿನಲ್ಲಿ ಅದ್ದಿದೆ. ಕಲೆ ಹೋಗಲಿಲ್ಲ. ಆ ವಾಸನೆಗೆ ಹುಣಸೂರಿನ ಬಸ್ ಸ್ಟ್ಯಾಂಡಿನ ಎದುರಿದ್ದ ವಾಚ್ ರಿಪೇರಿ ಅಂಗಡಿ ಎದ್ದು ಬಂತು... ಬಟ್ಟಲು ಪೆಟ್ರೋಲಿನಲ್ಲಿ ಮುಳುಗಿದ ಹಲ್ಲುಚಕ್ರಗಳು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಯಜಮಾನರು.

ತೊಂಬತ್ತರ ದಶಕದ ಕೊನೆ. ನಾನು ಹೈಸ್ಕೂಲ್ ಮೇಷ್ಟ್ರು. ಹಳೆಯ ವಾಚು ಕೂಡಿಹಾಕುವ ರೋಗಿ. ಅದರಲ್ಲೂ ಕ್ರೋನೋಗ್ರಾಫ್ ಎಂದರೆ ಪ್ರಾಣ. ಮಾಮೂಲಿ ವಾಚು ಹೊತ್ತು ತೋರಿಸುತ್ತದೆ, ಅಷ್ಟೆ. ಇದಕ್ಕೆ ಪಕ್ಕದಲ್ಲಿ ಎರಡು ಗುಂಡಿ. ಒಂದನ್ನು ಒತ್ತಿದರೆ ನಡುವಿನ ದೊಡ್ಡ ಮುಳ್ಳು ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಇನ್ನೊಂದನ್ನು ಒತ್ತಿದರೆ ಏನೂ ನಡೆದೇ ಇಲ್ಲವೆಂಬಂತೆ ಹನ್ನೆರಡಕ್ಕೆ ಮರಳುತ್ತದೆ. ಮನುಷ್ಯನಿಗೆ ದಕ್ಕದ ಈ ಸೌಲಭ್ಯವನ್ನು ಕೈಗೆ ಕಟ್ಟಿಕೊಳ್ಳಲು ನನ್ನಂಥವರು ಊರೂರು ಅಲೆಯುತ್ತಾರೆ. ನಾನು ಚಿತ್ರದಲ್ಲಷ್ಟೇ ಕಂಡಿದ್ದೆ.

ಒಂದು ಮಧ್ಯಾಹ್ನ ಯಜಮಾನರ ಎದುರಿನ ಸ್ಟೂಲಿನ ಮೇಲೆ ಕೂತಿದ್ದೆ. ವೀರನಹೊಸಹಳ್ಳಿ ಕಡೆಯ ಗೌಡರೊಬ್ಬರು ಬಂದು ಟವೆಲ್ಲಿನ ಗಂಟು ಬಿಚ್ಚಿದರು. ಎರಡು ಗುಂಡಿಯ ವಾಚು!

"ನಮ್ಮಪ್ಪಂದು ಸೋಮಿ. ಕಾಕನಕೋಟೆ ಕಾಡಿಗೆ ಬತ್ತಿದ್ದ ದೊರೆ ಕೊಟ್ಟಿದ್ದಂತೆ. ಸಣ್ಣ ಮುಳ್ಳೆಲ್ಲ ಓಡ್ತವೆ, ದೊಡ್ಡದು ಮಾತ್ರ ಅಲ್ಲಾಡಾಕಿಲ್ಲ."

ಗುಂಡಿ ಒತ್ತುವವರೆಗೆ ಅದು ಅಲ್ಲಾಡುವುದೇ ಇಲ್ಲ. ನನಗೆ ಗೊತ್ತಿತ್ತು. ಯಜಮಾನರಿಗೂ ಗೊತ್ತಿತ್ತು. ಗೌಡರಿಗೆ ಗೊತ್ತಿರಲಿಲ್ಲ.

"ಕೆಟ್ಟಿದೆ ಗೌಡ್ರೇ" ಎಂದೆ, ಬೆಳಗ್ಗೆ ತಾನೆ ಎಂಟನೇ ಕ್ಲಾಸಿಗೆ ಸತ್ಯದ ಮಹಿಮೆ ಬೋಧಿಸಿದ್ದ ಅದೇ ಬಾಯಿಂದ. "ಇದರ ಬದಲು ನನ್ನ ಹೊಸ ವಾಚು ತಗೊಳ್ಳಿ." ಬಿಚ್ಚಿಯೂ ಕೊಟ್ಟೆ.

ಗೌಡರು ಅದನ್ನು ಕಿವಿಗಿಟ್ಟು ಕೇಳಿದರು. "ಯಜಮಾನ್ರೇ, ಕೊಟ್ಬುಡ್ಲಾ?"

ಯಜಮಾನರು ಹಳೇ ವಾಚಿನ ಹಿಂದಿನ ಮುಚ್ಚಳ ತೆರೆದರು. ನಾನು ಕಣ್ಣಲ್ಲೇ ಬೇಡಿಕೊಂಡೆ. ಅವರ ಒಂದು ಕಣ್ಣು ಗಾಜಿನ ಹಿಂದಿತ್ತು, ಇನ್ನೊಂದು ಮುಚ್ಚಿತ್ತು. ಸೂಜಿಯ ತುದಿಯಿಂದ ಒಂದು ಹನಿ ಎಣ್ಣೆ ಬಿಟ್ಟರು. ಗುಂಡಿ ಜಡ್ಡುಗಟ್ಟಿತ್ತು, ಜೋರಾಗಿ ಒತ್ತಿದರೆ ಒಳಗಿನ ಕೂದಲೆಳೆಯ ಸ್ಪ್ರಿಂಗು ಮುರಿಯಬಹುದು. ಮುರಿದರೆ ವಾಚು ಯಾರಿಗೂ ಇಲ್ಲ. ಮುರಿಯದಿದ್ದರೆ ನನಗಿಲ್ಲ. ಯಾವುದನ್ನು ಹಾರೈಸಿದೆನೆಂದು ಇಂದಿಗೂ ಹೇಳಲಾರೆ.

"ಕೆಟ್ಟದೆ ಅಂದೋರ್ ಯಾರು ಮೇಷ್ಟ್ರೇ? ಎದ್ದೇಳು ಅಂದ್ರೆ ತಾನೆ ಅದು ಏಳೋದು!" ಯಜಮಾನರು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು.

ಕಟಕ್. ದೊಡ್ಡ ಮುಳ್ಳು ಓಡಿತು.

"ಅಯ್ ಶಿವ್ನೇ! ನಮ್ಮಪ್ಪ ಸಾಯೋಗಂಟ ಕೆಟ್ಟೋಗದೆ ಅಂತ್ಲೇ ಕಟ್ಕಂಡಿದ್ದ ಕಣ್ರೀ!" ಗೌಡರು ನನ್ನ ವಾಚನ್ನು ನನ್ನ ಅಂಗೈಗೆ ಹಾಕಿದರು. "ಬಸ್ಸು ಊರ್ಗೆ ಎಷ್ಟೊತ್ತು ತಕ್ಕತದೆ, ಇವತ್ತು ನೋಡೇ ಬುಡ್ತೀನಿ" ಎಂದು ಹೊರಟೇಹೋದರು.

ನಾನು ಮುಖ ಊದಿಸಿಕೊಂಡೆ. "ಬೇಜಾರ್ ಮಾಡ್ಕಬ್ಯಾಡಿ" ಎಂದರು ಯಜಮಾನರು. "ನಿಮ್ಗೆ ಬ್ಯಾರೆ ವಾಚು ಸಿಕ್ತದೆ. ನಂಗಿರೋದು ಒಂದೇ ಅಂಗ್ಡಿ."

ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ಮೈಸೂರಿನಲ್ಲಿ ರಿಪೇರಿ ಮಾಡಿಸಿ ಸೇಡು ತೀರಿಸಿಕೊಂಡೆ. ಕೊನೆಗೆ ಮನಸ್ಸು ಕರಗಿ ಅಂಗಡಿಗೆ ಹೋದಾಗ ಅಲ್ಲಿ ಎಸ್‌ಟಿಡಿ ಬೂತ್ ಇತ್ತು. ಯಜಮಾನರು ತೀರಿಕೊಂಡು ಆರು ತಿಂಗಳಾಯಿತೆಂದರು...

ಈಗ ನನ್ನ ಪೆಟ್ಟಿಗೆಯಲ್ಲೂ ಎರಡು ಗುಂಡಿಯ ವಾಚೊಂದಿದೆ. ಗುಂಡಿ ಜಡ್ಡುಗಟ್ಟಿದೆ. ಒತ್ತಲು ನನಗೆ ಧೈರ್ಯವಿಲ್ಲ, ಒತ್ತಿಸಲು ಅಂಥ ಕೈಯಿಲ್ಲ. ಯಾರಾದರೂ ದೊಡ್ಡ ಮುಳ್ಳು ತೋರಿಸಿ ಕೇಳಿದರೆ ಕೆಟ್ಟಿದೆ ಎನ್ನುತ್ತೇನೆ. ಹಾಗೆ ಅಂದೋರ್ ಯಾರು ಎಂದು ಕೇಳುವವರಿಲ್ಲ.