ಮುಂದೂಡಿದ ಅನುವಾದ

"ಮೇಡಂ, ಎರಡು ವರ್ಸ ಆದ್ರೂ ಮಗೀಗೆ ಮಾತು ಬರ್ದಿದ್ರೆ ಕಿವಿ ಟೆಸ್ಟ್ ಮಾಡಿಸ್ಬೇಕು ಅಂತ ಇದ್ರಲ್ಲಿ ಐತೆ. ನನ್ ತಮ್ಮಂಗೆ ಐದು ತುಂಬ್ತು, ಇನ್ನೂ ಮಾತಿಲ್ಲ. ತಾನಾಗೇ ಬತ್ತದೆ ಬುಡು ಅಂತಿತ್ತು ಅವ್ವ."

ಹುಣಸೂರಿನ ಕಾಲೇಜಿನಲ್ಲಿ ನನ್ನ ಮಾನವ ಬೆಳವಣಿಗೆಯ ತರಗತಿ ಮುಗಿದ ಮೇಲೆ ಹನಗೋಡಿನ ವಿದ್ಯಾರ್ಥಿನಿ ಸವಿತಾ ಹೀಗೆಂದಳು. ಅವಳ ಕೈಯಲ್ಲಿದ್ದದ್ದು ನಾನು ಅಂದು ಹಂಚಿದ್ದ ಕನ್ನಡ ಹಾಳೆಗಳು. ಮೂಲ ಇಂಗ್ಲಿಷ್ ಪಠ್ಯ ಅಂತರ್ಜಾಲದಲ್ಲಿ ಉಚಿತ. ಯಾರು ಬೇಕಾದರೂ ಅನುವಾದಿಸಬಹುದು. ಎರಡು ವರ್ಷದ ಹಿಂದೆಯೇ ವಿದ್ಯಾರ್ಥಿಗಳಿಗೆ ಅದರ ಲಿಂಕ್ ಕಳಿಸಿದ್ದೆ. ಇಂಗ್ಲಿಷ್ ಅರ್ಥವಾಗುತ್ತಿಲ್ಲ, ಕನ್ನಡದಲ್ಲಿ ಕೊಡಿ ಎಂದು ಆಗ ಇವಳೇ ಕೇಳಿದ್ದಳು. ರಜೆಯಲ್ಲಿ ಮಾಡಿದರಾಯಿತು ಎಂದು ಮುಂದೂಡುತ್ತಲೇ ಬಂದಿದ್ದೆ.

ಮುಂದಿನ ತಿಂಗಳು ಹುಡುಗನಿಗೆ ಶ್ರವಣಯಂತ್ರ ಹಾಕಿದರು. ಇನ್ನೂ ಮೊದಲೇ ಕರೆತಂದಿದ್ದರೆ ಮಾತು ಸುಲಭವಾಗಿ ಬರುತ್ತಿತ್ತು ಎಂದರಂತೆ ವೈದ್ಯರು. ಸವಿತಾ ನನ್ನನ್ನು ದೂರಲಿಲ್ಲ. ಆ ಹಾಳೆಗಳನ್ನು ಅನುವಾದಿಸಲು ನನಗೆ ಹಿಡಿದದ್ದು ಒಂದೇ ಒಂದು ಭಾನುವಾರ.